ಎಣ್ಣಿ ಹೊಡೆದ ಮರುದಿನ

"ಹೊರಗ ಬರ್ರಿ! ಎಲ್ಲಾರೂ ತ್ವಾಟದಿಂದ ಹೊರಗ ಬರ್ರಿ ಮೊದಲ!"

ಲಿಂಬಿಗಿಡಗಳ ನಡುವೆ ಕೂಗುತ್ತಾ ಓಡಿ ಬಂದವನನ್ನು ಫರಹತ ಮುಖಾಮುಖಿ ನೋಡಿದ್ದು ಅದೇ ಮೊದಲು. ಕಣ್ಣು ಕೆಂಡದ ಹಾಗೆ ಕೆಂಪಾಗಿದ್ದವು. ಕಾಲು ನೆಲದ ಮೇಲೆ ನೆಟ್ಟಗೆ ನಿಲ್ಲುತ್ತಿರಲಿಲ್ಲ.

'ಇವನೇನಾ ಫಿರೋಜ?... ಈ ಕುಡುಕನ ದನಿ ಕೇಳಲಿಕ್ಕೇನಾ ನಾನು ದಿನಾ ಸಂಜೆ ಫೋನ್ ಹಿಡಿದು ಕೂತಿರತಿದ್ದೆ?!'

ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ಫರಹತ ಬಸವನ ಬಾಗೇವಾಡಿಯ ಬಟ್ಟೆ ವ್ಯಾಪಾರಿಯ ಮಗಳು. ಇಂಡಿ ಊರಿನ ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದಳು. ನಿಸರ್ಗದ ಮೇಲೆ ಮನುಷ್ಯನ ಕೈ ಬಿದ್ದರೆ ಏನಾಗುತ್ತದೆ ಅನ್ನುವ ಪಾಠವನ್ನು ಪುಸ್ತಕ ನೋಡಿ ಒದರಿ ಮುಗಿಸಲು ಅವಳಿಗೆ ಮನಸ್ಸಿರಲಿಲ್ಲ. ಊರ ಸುತ್ತ ಲಿಂಬಿ ತೋಟಗಳಿವೆ, ತೋಟಗಳಲ್ಲಿ ಜೇನು ಕಡಿಮೆಯಾಗಿದೆ. ಯಾಕೆ? ಹುಡುಗರು ತಾವೇ ಹೋಗಿ ನೋಡಲಿ ಅಂದುಕೊಂಡಳು. ಯಾರೋ ಒಂದು ಲಿಂಬಿ ತೋಟದ ಒಡೆಯ ಫಿರೋಜನ ನಂಬರು ಕೊಟ್ಟರು.

"ಹೂವೇನೋ ಭರ್ತಿ ಬಿಡ್ತಾವ್ರಿ ಮೇಡಂ. ಆದ್ರ ಗುಂಯ್ ಅನ್ನೋ ಸಪ್ಪಳಾನ ಇಲ್ಲ. ತ್ವಾಟ ಸುಮ್ಮನಾದ್ರ ಜೀವಕ್ಕ ಸಮಾಧಾನ ಇರಂಗಿಲ್ರಿ," ಅಂದಿದ್ದ ಅವನು ಮೊದಲ ದಿನವೇ.

ಆ ಮಾತಿಗೆ ಸೋತವಳು ಆಮೇಲೆ ಯಾವ ಯಾವ ನೆಪ ತೆಗೆದು ಫೋನ್ ಮಾಡಿದಳೋ! ಜೇನಿನ ವಿಷಯ ಮುಗಿಯಿತು, ಮಣ್ಣಿನ ವಿಷಯ ಮುಗಿಯಿತು, ಕೊನೆಗೆ "ಊಟ ಆತೇನ್ರಿ?" ಅನ್ನುವಲ್ಲಿಗೆ ಬಂತು. ಮುಖ ನೋಡದ ಪ್ರೀತಿ. ಯಾರಿಗಾದರೂ ಹೇಳಿದರೆ ನಕ್ಕಾರು.

ಹುಡುಗರನ್ನು ತೋಟಕ್ಕೆ ಕರೆದೊಯ್ಯಬೇಕಿದ್ದ ಅವತ್ತು ಬೆಳಿಗ್ಗೆ ಮಾತ್ರ ಫೋನ್ ಮಾಡಿದ್ದು ಅವನ ತಾಯಿ ರೋಷನಬಿ.

"ಫಿರೋಜ ನಿನ್ನಿ ಎಣ್ಣಿ ಹೊಡದಾನವಾ. ರಾತ್ರೆಲ್ಲಾ ವಾಂತಿ ಮಾಡ್ಯಾನ, ಇನ್ನೂ ತಲಿ ಹಿಡಕೊಂಡ ಮಲಗ್ಯಾನ. ಇವತ್ತ ಹುಡುಗರನ್ನ ಕರಕೊಂಡ ಬರಬ್ಯಾಡ್ರಿ."

ಎಣ್ಣಿ ಹೊಡದಾನ!

ಅವಳ ಅಣ್ಣ ಮುಕ್ತಾರ ಕುಡಿದು ಕುಡಿದೇ ಸತ್ತಿದ್ದ. ಅವನ ಗೆಳೆಯರು ಮನೆ ಬಾಗಿಲಿಗೆ ಬಂದು "ಇವತ್ತೂ ಎಣ್ಣಿ ಹೊಡದಾನ್ರಿ" ಅಂತ ಅವನನ್ನು ಕಟ್ಟೆಯ ಮೇಲೆ ಇಳಿಸಿ ಹೋಗುತ್ತಿದ್ದರು. ಅದೇ ಮಾತು ಈಗ ಕಿವಿಗೆ ಬಿದ್ದದ್ದೇ ತಡ, ಫರಹತಳ ಮೈ ಉರಿದುಹೋಯಿತು. ಮುಂದೇನೂ ಕೇಳದೆ ಫೋನ್ ಇಟ್ಟಳು.

'ಕುಡುಕನ ಅಪ್ಪಣೆ ಯಾರಿಗೆ ಬೇಕು? ತೋಟಕ್ಕೇನು ಬೀಗ ಹಾಕಿದೆಯಾ?'

ಹುಡುಗರನ್ನು ಟೆಂಪೋ ಹತ್ತಿಸಿಯೇ ಬಿಟ್ಟಳು.

ತೋಟದಲ್ಲಿ ಎಲೆಗಳು ಇಬ್ಬನಿಯಿಂದ ಇನ್ನೂ ಒದ್ದೆಯಾಗಿದ್ದವು. "ಕೆಳಗ ಹೊಕ್ಕು ನೋಡ್ರಿ, ಎಲಿ ಹೊಳ್ಳಿಸಿ ನೋಡ್ರಿ," ಅಂದಳು. ಎಲ್ಲರಿಗಿಂತ ಮುಂದೆ ನುಗ್ಗಿದ್ದು ಮುಬೀನಾ. ಕ್ಲಾಸಿನಲ್ಲಿ ಕೈ ಎತ್ತಿ ಎತ್ತಿ ಪ್ರಶ್ನೆ ಕೇಳುವ ಹುಡುಗಿ. ಮನೆಯಿಂದ ಉಪ್ಪು, ಖಾರ ಕಟ್ಟಿಕೊಂಡು ಬಂದಿದ್ದಳು.

"ಮೇಡಂ, ಒಂದ ಕಾಯಿ ಹರಕೊಳ್ಳಲೇನ್ರಿ?"

"ಹರಕೋ ಹೋಗು, ಹೊಟ್ಟಿಬಾಕಿ!" ಅಂದು ಫರಹತ ನಕ್ಕಿದ್ದಳು.

ಅಯ್ಯೋ, ಆ ನಗು! ಆಮೇಲೆ ಎಷ್ಟು ದಿನ ಅದು ಅವಳನ್ನು ಸುಟ್ಟಿತು ಅಂತೀರಿ...

ಹುಡುಗರ ಗದ್ದಲ ಕೇಳಿ ಫಿರೋಜ ಓಡಿ ಬರುವಷ್ಟರಲ್ಲಿ, ಕಾಯಿಗೆ ಉಪ್ಪು ಖಾರ ಹಚ್ಚಿ ತಿಂದಿದ್ದ ಮುಬೀನಾ ನೆಲಕ್ಕೆ ಬಿದ್ದಿದ್ದಳು. ಬಾಯಿಂದ ಜೊಲ್ಲು ಇಳಿಯುತ್ತಿತ್ತು, ಮೈಯೆಲ್ಲಾ ಬೆವರು. ಅವನು ಕೊಡದಲ್ಲಿ ನೀರು ತಂದು ಅವಳ ಮುಖಕ್ಕೆ, ಕೈಗೆ ಸುರಿಯತೊಡಗಿದ.

"ಮುಟ್ಟಬ್ಯಾಡ ಆಕೀನ! ನಿಲ್ಲಾಕ ಬರವಲ್ದು ನಿನಗ, ನಾಚಿಕಿಲ್ಲ?!" ಫರಹತ ಚೀರಿದಳು.

"ಬೈಯೋದು ಆಮ್ಯಾಗ ಬೈರಿ. ಈಗ ತಲಿ ಹಿಡಕೋರಿ, ದವಾಖಾನಿಗೆ ಒಯ್ಯೂನು."

ವಿಜಯಪುರದ ಆಸ್ಪತ್ರೆಯಲ್ಲಿ ಮುಬೀನಾಳ ಉಸಿರನ್ನು ಯಂತ್ರಕ್ಕೆ ಒಪ್ಪಿಸಿದರು. "ಕೀಟನಾಶಕ ಮೈಗೇರೈತಿ. ಖಾತ್ರಿ ಕೊಡಾಕಾಗಂಗಿಲ್ಲ," ಅಂದರು ಡಾಕ್ಟರು. ಅವಳ ಅಪ್ಪ ಮಶಾಕಸಾಬ ಗೋಡೆಗೆ ಒರಗಿದವನು ಅಲ್ಲೇ ಕುಸಿದು ಕೂತ.

ಪೊಲೀಸರು ಬಂದು ಕೇಳಿದರು. "ವಿಷ ಹೊಡದಿದ್ದು ಯಾರೂ ಹೇಳಲಿಲ್ಲ. ತ್ವಾಟದವ ಕುಡದು ಬಿದ್ದಿದ್ದ," ಅಂದಳು ಫರಹತ.

ಫಿರೋಜ ಅಲ್ಲೇ ನಿಂತಿದ್ದ. ತಲೆ ಎತ್ತಿ ಅವಳನ್ನೊಮ್ಮೆ ನೋಡಿದ, ಅಷ್ಟೇ. ಒಂದು ಮಾತೂ ಆಡದೆ ಪೊಲೀಸರ ಹಿಂದೆ ಹೋದ.

ಮರುದಿನ ರೋಷನಬಿ ಹುಡುಕಿಕೊಂಡು ಬಂದಳು.

"ಯಾಕವಾ ಹಿಂಗ ಮಾಡಿದಿ? ನಾ ಫೋನ್ ಮಾಡಿ ಹೇಳಿದ್ನಲ್ಲಾ, ಎಣ್ಣಿ ಹೊಡದಾನ, ಬರಬ್ಯಾಡ್ರಿ ಅಂತ?"

"ಹೌದು! ಕುಡದ ಮಗನ್ನ ಮನ್ಯಾಗ ಇಟಗೊಂಡು ಇಲ್ಲಿ ಬಂದ..."

"ಕುಡದಾನ?!" ಮುದುಕಿ ದಂಗಾದಳು. "ನನ್ನ ಮಗಾ ಹನಿ ಮುಟ್ಟಿದಾಂವಲ್ಲ! ಗಿಡಕ್ಕ ಹೊಡಿಯೋ ಎಣ್ಣಿ ಅಂದೆ ನಾ. ಹುಳದ ಎಣ್ಣಿ! ಅದರ ಘಾಟ ಬಡದು ರಾತ್ರೆಲ್ಲಾ ಒದ್ದಾಡ್ಯಾನ. 'ಮೇಡಮ್ಮಾರಿಗೆ ಮೊದಲ ಫೋನ್ ಹಚ್ಚಬೇ' ಅಂದಾನ, ತಲಿ ಎತ್ತಾಕ ಬರದಿದ್ರೂ!"

ಹೊಲದವರ ಬಾಯಲ್ಲಿ ಎಣ್ಣಿ ಅಂದರೆ ಕೀಟನಾಶಕ. ಇಡೀ ಇಂಡಿಗೆ ಗೊತ್ತು. ಅವಳ ಕ್ಲಾಸಿನ ಹುಡುಗರಿಗೆಲ್ಲಾ ಗೊತ್ತು. ಗೊತ್ತಿಲ್ಲದ್ದು ಅಂಗಡಿ ಮನೆಯಲ್ಲಿ ಬೆಳೆದ ಅವಳೊಬ್ಬಳಿಗೇ!

'ಯಾ ಅಲ್ಲಾ... ಬರಬೇಡ ಅಂದರೂ ಹೋದವಳು ನಾನು. ಕಾಯಿ ಹರಕೋ ಅಂದವಳೂ ನಾನು!'

ಅವನು ಯಾಕೆ ಬಾಯಿ ಬಿಡಲಿಲ್ಲ? "ತಾಯಿ ಹೇಳಿದ್ದಳು" ಅಂತ ಒಂದು ಮಾತು ಸಾಕಿತ್ತಲ್ಲ?

ಪ್ರಿನ್ಸಿಪಾಲ ಚನ್ನಬಸಯ್ಯನವರು ಬಾಗಿಲು ಹಾಕಿಕೊಂಡು ತಿಳಿಹೇಳಿದರು. "ಸುಮ್ಮ ಇರವಾ. ಆದದ್ದು ಆಗಿಹೋತು. ಬಾಯಿ ಬಿಟ್ಟರ ನಿನ್ನ ನೌಕರಿ ಹೋಗ್ತೈತಿ, ಕೇಸೂ ಆಗ್ತೈತಿ. ಅಂವಾ ಹೆಂಗೂ ಒಳಗ ಅದಾನ."

"ಸುಮ್ಮ ಇದ್ರ ಅಂವಾ ಒಳಗಽ ಉಳೀತಾನ್ರಿ, ಸರ."

ಕಾಲೇಜಿನ ಸಭಾಭವನಕ್ಕೆ ಹುಡುಗರನ್ನೂ ಅವರ ಮನೆಯವರನ್ನೂ ಕರೆಸಿದ್ದರು. ಮಶಾಕಸಾಬನೂ ಬಂದಿದ್ದ. ಫರಹತ ಎದ್ದು ನಿಂತಳು.

"ಮನುಷ್ಯ ನಿಸರ್ಗಕ್ಕೆ ಏನು ಮಾಡ್ತಾನ ಅಂತ ನಿಮಗ ಪಾಠ ಮಾಡ್ತಿದ್ದೆ. ಆ ಮನುಷ್ಯ ಅಂದ್ರ ಬ್ಯಾರೆ ಯಾರೋ ಅನ್ಕೊಂಡಿದ್ದೆ," ಅಂದಳು. "ವಿಷ ಹೊಡದೈತಿ, ಬರಬ್ಯಾಡ್ರಿ ಅಂತ ಫಿರೋಜ ಅವರ ಮನಿಯಿಂದ ನನಗ ಫೋನ್ ಬಂದಿತ್ತು. ನಾ ತಪ್ಪು ತಿಳಕೊಂಡೆ. ತಿರುಗಿ ಒಂದ ಮಾತು ಕೇಳಿದ್ರ ಮುಗೀತಿತ್ತು, ಕೇಳಲಿಲ್ಲ. ಮುಬೀನಾಗ ಕಾಯಿ ಹರಕೋ ಅಂದಾಕಿನೂ ನಾನಽ. ಪೊಲೀಸರ ಮುಂದನೂ ಇದನ್ನ ಹೇಳತೇನಿ."

ಮಶಾಕಸಾಬ ಎದ್ದು ಬಂದ. ಹೊಡೆಯುತ್ತಾನೆ ಅಂದುಕೊಂಡಳು, ಹೊಡೆದಿದ್ದರೆ ಚೆನ್ನಾಗಿತ್ತು.

"ನನ್ನ ಮಗಳು ಮನ್ಯಾಗ ಹಗಲೆಲ್ಲಾ ನಿಮ್ಮ ಮಾತಽ ಆಡ್ತಿದ್ಲರಿ," ಅಂದ. ಅಷ್ಟು ಹೇಳಿ ಹೊರಟುಹೋದ.

ಹೇಳಿಕೆ ಕೊಟ್ಟಳು. ಕೇಸಿನಲ್ಲಿ ಅವಳ ಹೆಸರೂ ಸೇರಿತು, ಕಾಲೇಜಿನವರು ಕೆಲಸದಿಂದ ತೆಗೆದರು. ಫಿರೋಜನಿಗೆ ಜಾಮೀನು ಸಿಕ್ಕಿತು. ಮುಬೀನಾ ಕಣ್ಣು ಬಿಟ್ಟಳು, ಉಸಿರು ತಾನೇ ಆಡಿದಳು. ಆದರೆ ಕಾಲುಗಳಲ್ಲಿ ಬಲವಿಲ್ಲ... ಎಬ್ಬಿಸಿ ನಿಲ್ಲಿಸಿದರೆ ಕುಸಿದು ಬೀಳುತ್ತಾಳೆ. ಬಲ ಬರಬಹುದು, ಬಾರದೆಯೂ ಇರಬಹುದು ಅಂದರು ಡಾಕ್ಟರು.

ಫರಹತ ದಿನಾ ಬಾಗೇವಾಡಿಯಿಂದ ಬಸ್ಸು ಹಿಡಿದು ಬಂದು ವಾರ್ಡಿನ ಹೊರಗೆ ನಿಲ್ಲುತ್ತಿದ್ದಳು. ಒಳಗೆ ಕರೆಯುವವರಿಲ್ಲ, ಹೋಗು ಅನ್ನುವವರೂ ಇಲ್ಲ.

ಒಂದು ಮಧ್ಯಾಹ್ನ ಪಕ್ಕದಲ್ಲಿ ಯಾರೋ ಬಂದು ನಿಂತರು. ತಿರುಗಿದಳು. ಫಿರೋಜ! ಬಡವಾಗಿದ್ದ.

"ಯಾಕ ಹೇಳಲಿಲ್ಲ ನೀವು? ನಾ ಎಲ್ಲಾರ ಮುಂದ ಕುಡುಕ ಅಂದ್ರೂ..."

"ಹೇಳಿದ್ರ ನಿಮ್ಮನ್ನ ಒಯ್ತಿದ್ರು."

"ಒಯ್ಲಿ! ತಪ್ಪು ನಂದಿತ್ತು!"

"ನಿಮ್ಮದೊಬ್ಬರದಽ ಏನ್ರಿ?" ಅಂದ ಅವನು. "ಜೇನು ಇಲ್ಲಂತ ನಿಮ್ಮ ಮುಂದ ಅಳತಿದ್ದಾಂವ ನಾನು. ಹೂ ಇದ್ದಾಗ ಎಣ್ಣಿ ಹೊಡೀಬಾರದಂತ ಗೊತ್ತಿತ್ತು. ಹುಳ ಬಿತ್ತಂತ ಹೆದರಿ ಹೊಡದೆ. ಬದುವಿಗೆ ವಿಷದ ಗುರ್ತಂತ ಒಂದು ಕೆಂಪು ಅರಿವಿ ತುಂಡು ಕಟ್ಟಿದ್ರ ಈ ಹುಡುಗಿ ಇವತ್ತ ಓಡಾಡ್ತಿದ್ಲು. ನಾ ಏನಂತ ಬಾಯಿ ತಗೀಲಿ?"

ಒಳಗೆ ಮುಬೀನಾ ನೋವಿಗೆ ನರಳುವುದು ಕೇಳಿಸುತ್ತಿತ್ತು. ಫರಹತ ದುಪಟ್ಟಾ ಬಾಯಿಗೊತ್ತಿಕೊಂಡು ಅತ್ತಳು. ಅವನು ಸಮಾಧಾನ ಮಾಡಲಿಲ್ಲ, ಅವನ ಕಣ್ಣೂ ಸುರಿಯುತ್ತಿದ್ದವು.

ಆಗ ಬಾಗಿಲು ತೆರೆಯಿತು. ಮಶಾಕಸಾಬ. ಇಬ್ಬರನ್ನೂ ನೋಡದೆ, ನೆಲ ನೋಡುತ್ತಾ ಅಂದ:

"ಓದು ಬಿಟ್ಟುಹೋಗ್ತೈತಿ ಅಂತ ಅಳಾಕತ್ತಾಳ. ನಿಮ್ಮನ್ನಽ ಕರಿ ಅಂತಾಳ... ಬರ್ರಿ."

ಫರಹತ ಹಿಂದೆ ಸರಿದಳು. ಆ ಹುಡುಗಿಯ ಮುಖ ಹೇಗೆ ನೋಡುವುದು?

"ಹೋಗ್ರಿ," ಅಂದ ಫಿರೋಜ ಮೆಲ್ಲಗೆ.

"ಒಬ್ಬಾಕಿ ಹೋಗಾಕ ಆಗಂಗಿಲ್ಲ ನನಗ."

"ನಾ ಬರ್ತೇನಿ. ಇವತ್ತಷ್ಟ ಅಲ್ಲ. ಆಕಿ ನಡಿಯೋತನಕ ದಿನಾ ಬರ್ತೇನಿ ನಿಮ್ಮ ಜೋಡಿ."

"ನಡೀದಿದ್ರ?"

"ನಡೀದಿದ್ರೂ." ಅವನು ಉಸಿರು ಎಳೆದುಕೊಂಡ. "ಫರಹತ, ಇದನ್ನ ಒಬ್ಬೊಬ್ಬರಽ ಹೊರೂದು ಬ್ಯಾಡ. ಇನ್ನ ಮ್ಯಾಲ ನೀ ನನ್ನ ಜೋಡಿ ಇರ್ತಿಯೇನು?"

ಮೊದಲ ಸಲ ಅವನು 'ನೀ' ಅಂದಿದ್ದ.

"ನಾ ನಿನ್ನ ದನಿ ಕೇಳಿದ ದಿನದಿಂದ ನಿನ್ನ ಜೋಡಿನಽ ಅದೇನಿ," ಅಂದಳು ಅವಳು, ಕಣ್ಣು ಒರೆಸಿಕೊಳ್ಳುತ್ತಾ. "ಆದ್ರ ನಗೋದು ಮರತುಹೋಗೇತಿ ನನಗ."

"ನನಗೂ. ಇರಲಿ, ಬಾ."

ಅವಳು ಅವನ ಕೈ ಹಿಡಿದುಕೊಂಡಳು. ಇಬ್ಬರೂ ಒಳಗೆ ಹೋದರು.