ಎರಡನೇ ಸೇತುವೆ, ಹನ್ನೆರಡು ನಿಮಿಷ

"ಮೂರು ಗಂಟೆ ಸೇತುವೆ ಮೇಲೇ ಸಿಕ್ಕಾಕ್ಕೊಂಡಿದ್ದೆ ಕಣೇ ರೆಮಿ, ಏನ್ ಮಾಡ್ಲಿ?" ಎಂದ ಎಲಾದಿಯೊ, ರೆಮೆದಿಯೋಸಳ ಕಾಲರಿಗೆ ಮೈಕ್ ಸಿಕ್ಕಿಸುತ್ತ.

ನಿನ್ನೆ ಭಾನುವಾರ ಅವನು ಗಡಿಯ ನದಿಯಾಚೆಯಿಂದ ಈಚೆ ದಡದ ಲರೇಡೊ ಊರಿಗೆ ಬಂದು ಅವಳ ಅಮ್ಮನ ಹತ್ತಿರ ಹೆಣ್ಣು ಕೇಳಬೇಕಿತ್ತು. ಬೆಳಿಗ್ಗೆಯಿಂದ ಜೋಳದ ಹಿಟ್ಟಿನ ತಮಾಲೆ ಕಡುಬು ಬೇಯಿಸಿ ಕಾದಿದ್ದ ಅಮ್ಮ, ಸಂಜೆ ಮಾತಾಡದೆ ಮಲಗಿಬಿಟ್ಟಿದ್ದಳು.

"ಒಂದು ಫೋನ್ ಮಾಡೋಕಾಗ್ಲಿಲ್ವಾ?"

"ಚಾರ್ಜ್ ಇರ್ಲಿಲ್ಲ. ಹೀಗೆ ಮುಖ ಊದಿಸ್ಕೊಂಡ್ರೆ ಕ್ಯಾಮೆರಾ ಹೆದರ್ಕೊಳ್ಳುತ್ತೆ. ನಗು ಸ್ವಲ್ಪ."

ಅವನ ಬೆರಳು ಎಂದಿನಂತೆ ಕಾಲರಿನಲ್ಲಿ ಒಂದು ಕ್ಷಣ ಹೆಚ್ಚೇ ತಂಗಿತು. ಅವಳು ನಕ್ಕುಬಿಟ್ಟಳು. ಆ ಕಣ್ಣುಗಳಿಗೆ ಸೋಲದಿರುವುದು ಅವಳಿಗೆ ಇನ್ನೂ ಬಂದಿರಲಿಲ್ಲ.

ಆ ಪುಟ್ಟ ಸ್ಪ್ಯಾನಿಷ್ ಚಾನೆಲಿನಲ್ಲಿ ಅವನು ಸೌಂಡ್ ನೋಡಿಕೊಳ್ಳುವವನು. ಗಡಿ ಸೇತುವೆಗಳ ಮೇಲೆ ಎಷ್ಟು ಹೊತ್ತು ಕಾಯಬೇಕೆಂದು ದಿನಾ ಹೇಳುವವಳು ಅವಳು. ಎರಡೂ ದಡದವರು ಅವಳ ಮಾತು ಕೇಳಿಯೇ ಗಾಡಿ ತೆಗೆಯುತ್ತಿದ್ದರು. ನಿನ್ನೆ ಮಾತ್ರ ಅವಳಿಗೆ ರಜೆ.

ಅವಳ ಬದಲು ಓದಿದ್ದ ದೋನ್ಯಾ ಚೆಲೋ ಬರೆದಿಟ್ಟ ಹಾಳೆ ಮೇಜಿನ ಮೇಲಿತ್ತು. 'ಭಾನುವಾರ, ಎರಡನೇ ಸೇತುವೆ: ಬೆಳಿಗ್ಗೆ ಹನ್ನೆರಡು ನಿಮಿಷ, ಮಧ್ಯಾಹ್ನ ಹತ್ತು, ಸಂಜೆ ಹನ್ನೆರಡು.'

"ಯಾವ ಸೇತುವೆ?"

"ಎರಡನೇದು. ಇನ್ಯಾವುದು?"

ಅವಳು ಹಾಳೆಯನ್ನು ಅವನತ್ತ ತಳ್ಳಿದಳು. ಓದಿದವನ ಕೈ ಕಾಲರಿನಿಂದ ಜಾರಿತು.

"ಊರಿಗೆಲ್ಲ ಸೇತುವೆ ಸುದ್ದಿ ಹೇಳೋಳಿಗೇ ಸೇತುವೆ ಸುಳ್ಳು ಹೇಳ್ತೀಯಲ್ಲೋ. ಬೇರೆ ಸುಳ್ಳೇ ಸಿಗ್ಲಿಲ್ವಾ?"

ಅವನು ತಲೆ ತಗ್ಗಿಸಿದ. "ಪೆರ್ಲಾ ಅಂತ ಹುಡುಗಿ. ಎರಡು ವರ್ಷದ ಹಿಂದೇನೇ ಮಾತಾಗಿತ್ತು. ನಿನ್ನೆ ಮನೆಯೋರು ಉಂಗುರ ಹಾಕ್ಸಿದ್ರು. ನಿಂಗೆ ಹೇಳ್ಬೇಕು ಅಂತಾನೇ ಇದ್ದೆ."

"ಹೇಳ್ದೆಯಲ್ಲ, ಸೇತುವೆ ಮೇಲೆ ಸಿಕ್ಕಾಕ್ಕೊಂಡಿದ್ದೆ ಅಂತ."

ಎಂಟು ತಿಂಗಳು ಅವನು ಮೈಕ್ ಸಿಕ್ಕಿಸಿದ್ದು ಕಾಲರಿಗೆ, ಹೂವಿಟ್ಟಿದ್ದು ಕಿವಿಯ ಮೇಲೆ. ಅಮ್ಮನಿಗೆ ಏನು ಹೇಳಲಿ ಎಂದು ಅವಳಿಗೆ ಅಳು ಒತ್ತಿ ಬಂತು.

"ಮೂವತ್ತು ಸೆಕೆಂಡ್," ಎಂದ ಕ್ಯಾಮೆರಾದವನು.

ಎಲಾದಿಯೊ ಮತ್ತೆ ಕೈ ಚಾಚಿದ. "ಬೇಡ," ಎಂದು ಅವಳು ಮೈಕನ್ನು ತಾನೇ ಸಿಕ್ಕಿಸಿಕೊಂಡಳು. ಅವನು ಹೋಗಿ ಹೆಡ್‌ಫೋನ್ ಹಾಕಿಕೊಂಡ. ಅವಳ ದನಿ ಕೇಳದೆ ಇರುವಂತಿಲ್ಲ, ಅವನ ಕೆಲಸವೇ ಅದು.

ಕೆಂಪು ದೀಪ ಹತ್ತಿತು.

"ಎಲ್ರಿಗೂ ನಮಸ್ಕಾರ. ಮೊದಲನೇ ಸೇತುವೆ, ನಲವತ್ತು ನಿಮಿಷ. ಎರಡನೇ ಸೇತುವೆ, ದಾರಿ ಪೂರ್ತಿ ಖಾಲಿ. ಆ ಕಡೆ ಹೋಗೋರು ಆರಾಮಾಗಿ ಹೋಗ್ಬಹುದು. ಈ ಕಡೆ ಕಾಯೋರು ಯಾರೂ ಇಲ್ಲ."

ಕೊನೆಯ ಮಾತಿಗೆ ಅವಳ ದನಿ ಒಂಚೂರು ನಡುಗಿತು. ಊರಿಗೆ ಗೊತ್ತಾಗಲಿಲ್ಲ, ಹೆಡ್‌ಫೋನ್ ಹಾಕಿಕೊಂಡವನಿಗೆ ಗೊತ್ತಾಯಿತು.