ತಾಲೂಕುವಾರು ಪಟ್ಟಿಯಲ್ಲಿ ಶಂಭು

2025ರ ಫೆಬ್ರವರಿ 11, ಮಂಗಳವಾರ, ಬೆಳಿಗ್ಗೆ 10.20. ನರಿಕೊಂಬಿನ ರಾಜೀವಿ ಬಂಟ್ವಾಳ ಠಾಣೆಗೆ ಬಂದು ಇನ್‌ಸ್ಪೆಕ್ಟರ್ ಲೋಕನಾಥರ ಮೇಜಿನ ಮೇಲೆ ಒಂದು ಲಕೋಟೆ ಇಟ್ಟರು.

"ನನ್ನ ತಮ್ಮ ಶಂಭು ಬದುಕಿದ್ದಾನೆ ಸರ್. ಹುಡುಕಿ ಕೊಡಿ."

ಪೇಟೆಂಟ್ ಕಚೇರಿಯ ಪತ್ರ. ಕಾಲಲ್ಲಿ ತುಳಿದು ಶ್ಯಾವಿಗೆ ಒತ್ತುವ ಮಣೆಗೆ ಶಂಭು ಸಲ್ಲಿಸಿದ ಅರ್ಜಿ ತಲುಪಿದೆ ಎಂದಿತ್ತು. ಜೊತೆಗಿದ್ದ ಪ್ರತಿಯಲ್ಲಿ ಅವನ ಸಹಿ, ಕೆಳಗೆ 2025ರ ಜನವರಿ 6ರ ದಿನಾಂಕ.

2021ರ ಜುಲೈಯಲ್ಲಿ ಶಂಭು ನೇತ್ರಾವತಿಯ ಕೆಂಪು ನೀರಿನಲ್ಲಿ ಕೊಚ್ಚಿಹೋಗಿದ್ದ. ಆಗ ಇಲ್ಲೇ ಎಸ್‌ಐ ಆಗಿದ್ದ ಲೋಕನಾಥರು ಎಂಟು ದಿನ ದೋಣಿಯಲ್ಲಿ ಹುಡುಕಿದ್ದರು. ಹೆಣ ಸಿಗಲಿಲ್ಲ. ಒಂಬತ್ತನೆಯ ದಿನ ಹುಡುಕಾಟ ನಿಲ್ಲಿಸಿದವರೂ ಅವರೇ. ಸತ್ತವರ ಹೆಸರಲ್ಲಿ ಪಿಂಡ ಇಡುವುದನ್ನು ಅವರು ಕಂಡಿದ್ದರು, ಅರ್ಜಿ ಹಾಕುವುದನ್ನು ಕಂಡಿರಲಿಲ್ಲ. ಬದುಕಿದ್ದವನನ್ನು ನೀರಿನಲ್ಲೇ ಬಿಟ್ಟು ಬಂದೆನೇ ಎಂಬ ಹೆದರಿಕೆ ಅವರನ್ನು ಹಿಡಿದುಕೊಂಡಿತು.

11.05ಕ್ಕೆ ಎಫ್‌ಐಆರ್ ದಾಖಲಾಯಿತು. ಖೋಟಾ ಸಹಿ, ಆರೋಪಿ ಅಪರಿಚಿತ. ಖೋಟಾ ಎಂಬ ಮಾತು ರಾಜೀವಿಗೆ ಹಿಡಿಸಲಿಲ್ಲ.

ಹೆಡ್ ಕಾನ್‌ಸ್ಟೆಬಲ್ ಶಾಹುಲ್ ಹಮೀದ್ ಪೇಟೆಂಟ್ ಕಚೇರಿಗೆ ಬರೆದು ಜನವರಿಯ ಪಟ್ಟಿ ತರಿಸಿದರು. ಬಂಟ್ವಾಳ, ಬೆಳ್ತಂಗಡಿ ಸೇರಿ ಒಂಬತ್ತು ಅರ್ಜಿ. 14ರಂದು ಇಡೀ ದಿನ ಮನೆಮನೆಗೆ ಫೋನ್ ಮಾಡಿ, ಬೆವರು ಒರೆಸಿಕೊಳ್ಳುತ್ತ ಬಂದರು.

"ಒಂಬತ್ತೂ ಜನ ತೀರಿಹೋದವರು ಸರ್. ಎಲ್ಲರೂ ಕಳೆದ ತಿಂಗಳು ಸಹಿ ಹಾಕಿದ್ದಾರೆ."

ಲೋಕನಾಥರು ನೇರ ನರಿಕೊಂಬಿಗೆ ಹೋದರು.

"ಶಂಭು ಈ ಮನೆಯಲ್ಲಿ ಇದ್ದನಾ ಅಕ್ಕ?"

"ಇಲ್ಲ. ವೆಲ್ಡಿಂಗ್ ಶಾಪ್, ಬಿಡಾರ ಎಲ್ಲ ಬೆಳ್ತಂಗಡಿಯಲ್ಲಿ."

"ಆಧಾರ್?"

"ಅದೂ ಅಲ್ಲಿಯದ್ದೇ."

"ಮತ್ತೆ ಅರ್ಜಿಯಲ್ಲಿ ನಿಮ್ಮ ವಿಳಾಸ ಉಂಟಲ್ಲ? ಅವನ ಹೆಸರಿನ ಒಟ್ಟಿಗೆ ಈ ವಿಳಾಸ ಬೇರೆ ಎಲ್ಲಿ ಬಂದಿದೆ?"

"ಬೊಜ್ಜದ ಕಾಗದದಲ್ಲಿ ಮಾತ್ರ. ದರ್ಭೆಯ ಗೊಂಬೆ ಸುಟ್ಟು ನಾನೇ ಬೊಜ್ಜ ಮಾಡಿಸಿದ್ದಲ್ವಾ."

ಶಂಭು ಬದುಕಿದ್ದರೆ ಬೆಳ್ತಂಗಡಿ ಎಂದು ಬರೆಯುತ್ತಿದ್ದ. ತನ್ನದೇ ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಆಮಂತ್ರಣ ನೋಡಿ ಯಾರೂ ವಿಳಾಸ ಬರೆಯುವುದಿಲ್ಲ. ಅರ್ಜಿ ಬರೆದದ್ದು ಬೇರೆ ಯಾರೋ ಎಂದು ಲೋಕನಾಥರಿಗೆ ಅರ್ಥವಾಯಿತು.

"ಬೊಜ್ಜಕ್ಕೆ ಹೊರಗಿನವರು ಯಾರು ಬಂದಿದ್ದರು?"

"ಮೂಡುಬಿದಿರೆಯ ಕೇಶವಪ್ರಸಾದ ಮೇಷ್ಟ್ರು. ಕಾಗದ ಕೇಳಿ ತಕ್ಕೊಂಡರು. ಊಟಕ್ಕೆ ಕೂರಲೇ ಇಲ್ಲ."

ಬೊಜ್ಜಕ್ಕೆ ಬಂದು ಉಣ್ಣದೆ ಹೋದವರನ್ನು ಈ ಕಡೆಯವರು ಅಷ್ಟು ಸುಲಭವಾಗಿ ಮರೆಯುವುದಿಲ್ಲ.

ಮರುದಿನ ಬೆಳಿಗ್ಗೆ 11.30, ಮೂಡುಬಿದಿರೆ. ಸಂಖ್ಯಾಶಾಸ್ತ್ರದ ನಿವೃತ್ತ ಅಧ್ಯಾಪಕ ಕೇಶವಪ್ರಸಾದ ಬಸ್ ನಿಲ್ದಾಣದ ಹಿಂದೆ ಸಣ್ಣ ಅಧ್ಯಯನ ಕೇಂದ್ರ ನಡೆಸುತ್ತಿದ್ದರು. ಪೇಟೆಂಟ್ ಅರ್ಜಿಗಳನ್ನು ಎಣಿಸಿ, ಯಾವ ತಾಲೂಕಿನಲ್ಲಿ ಎಷ್ಟು ಹೊಸತನ ಉಂಟೆಂದು ವರದಿ ಬರೆಯುವುದು ಅವರ ಕೆಲಸ. ಇಬ್ಬರು ಪಂಚರ ಸಮಕ್ಷಮ ಕಪಾಟು ತೆರೆದಾಗ ಒಂಬತ್ತು ಬೊಜ್ಜದ ಕಾಗದಗಳು ಸಿಕ್ಕಿದವು. ಒಂದೊಂದರ ಹಿಂದೆಯೂ ಒಂದೊಂದು ಯಂತ್ರದ ಚಿತ್ರ. 12.40ಕ್ಕೆ ಪಂಚನಾಮೆ ಮುಗಿಯಿತು.

"ಸಹಿ ಯಾರದ್ದು?"

"ನನ್ನದು."

"ಯಾಕೆ?"

"ಹತ್ತು ವರ್ಷ ಬಂಟ್ವಾಳಕ್ಕೂ ಬೆಳ್ತಂಗಡಿಗೂ ಸೊನ್ನೆ ಬರೆದೆ. ಅಲ್ಲಿ ತಲೆ ಓಡಿಸುವವರೇ ಇಲ್ಲ ಅಂತ ಮೇಲಿನವರು ನಕ್ಕರು. ಶಂಭು ಮಣೆ ಹೊತ್ತುಕೊಂಡು ಮೂರು ಸಲ ಬಂದಿದ್ದ, ಅರ್ಜಿ ಬರೆದುಕೊಡಿ ಅಂತ. ನಕ್ಷೆ ಸರಿ ಇಲ್ಲ, ಮಳೆ ಕಳೆದು ಬಾ ಅಂದೆ. ಉಳಿದ ಎಂಟು ಜನರನ್ನೂ ಹಾಗೇ ಕಳಿಸಿದ್ದೆ. ಈಗ ಪಟ್ಟಿ ಕೂಡಿಸಲು ಕೂತರೆ ಒಂಬತ್ತೂ ಜನ ಬಾಗಿಲಲ್ಲಿ ನಿಂತಿರ್ತಾರೆ. ಒಳಗೂ ಬರುವುದಿಲ್ಲ, ಹೋಗುವುದೂ ಇಲ್ಲ."

ಬೇಡವೆಂದರೂ ಲೋಕನಾಥರ ಕಣ್ಣು ಬಾಗಿಲಿನ ಕಡೆ ಹೋಯಿತು. ಹೊರಗೆ ಮಟ್ಟ ಮಧ್ಯಾಹ್ನದ ಬಿಸಿಲು, ಉಜಿರೆ ಬಸ್ಸಿನ ಹಾರ್ನ್. 1.15ಕ್ಕೆ ಬಂಧನ. ಹೊಸಿಲು ದಾಟುವಾಗ ಕೇಶವಪ್ರಸಾದ ಅಡ್ಡ ತಿರುಗಿ, ಯಾರಿಗೂ ತಾಗದ ಹಾಗೆ ಮೈ ಸಣ್ಣ ಮಾಡಿಕೊಂಡು ನಡೆದರು.

ಸಂಜೆ ನಾಲ್ಕಕ್ಕೆ ಲೋಕನಾಥರು ರಾಜೀವಿಯ ಜಗಲಿಯಲ್ಲಿ ಕೂತಿದ್ದರು.

"ಸಹಿ ಶಂಭುವಿನದ್ದಲ್ಲ ಅಕ್ಕ. ಕೇಶವಪ್ರಸಾದ ಮೇಷ್ಟ್ರು ಹಾಕಿದ್ದು."

ಮೇಷ್ಟ್ರು ಯಾಕೆ ಹೀಗೆ ಮಾಡಿದರು ಎಂದು ರಾಜೀವಿ ಕೇಳಿದರು. ಮೇಷ್ಟ್ರು ಹೇಳಿದ್ದನ್ನೆಲ್ಲ, ಶಂಭು ಮಣೆ ಹೊತ್ತು ಹೋದದ್ದನ್ನೂ ಲೋಕನಾಥರು ಹೇಳಿದರು. "ಶಂಭು ಮಾಡಿದ್ದು ಲೆಕ್ಕಕ್ಕೆ ಸೇರಲಿ ಅಂತಂತೆ."

"ಮೂರು ಸಲ ಹೋಗಿದ್ದನಲ್ಲ ಸರ್," ಎಂದರು ರಾಜೀವಿ. "ಬದುಕಿದ್ದಾಗಲೇ ಹೋಗಿದ್ದ. ಆಗ ಸೇರಿಸಬಹುದಿತ್ತು."