ಹೊಟ್ಟು ಎಲ್ಲಿಗೆ ಹೋಯಿತು

ಮನೆಯಲ್ಲಿ ಒಂದು ಹಿಡಿ ಹೊಟ್ಟೂ ಇರಲಿಲ್ಲ. ಅದಕ್ಕೇ ಹೇಮಶ್ರೀ ಖಾಲಿ ಚೀಲ ಹಿಡಿದುಕೊಂಡು ಸಾಮಿಲ್ಲಿನ ಬಾಗಿಲಲ್ಲಿ ನಿಂತಿದ್ದಳು.

ಒಳಗೆ ಗರಗಸ ಕಿರ್ರೆಂದು ಮರದ ದಿಮ್ಮಿ ಸೀಳುತ್ತಿತ್ತು. ಅದರ ಕೆಳಗೆ ಹಳದಿ ಹೊಟ್ಟು ರವೆಯ ಹಾಗೆ ಸುರಿಯುತ್ತಲೇ ಇತ್ತು. ಇಬ್ಬರು ಆಳುಗಳು ಅದನ್ನು ಬಿದ್ದ ಹಾಗೇ ಬಾಚಿ ದೊಡ್ಡ ದೊಡ್ಡ ಚೀಲಗಳಿಗೆ ತುಂಬುತ್ತಿದ್ದರು.

ಮೇಸ್ತ್ರಿ ಚೆಲುವರಾಜು ಅವಳನ್ನು ನೋಡಿ ಹತ್ತಿರ ಬಂದ.

"ಮತ್ತೆ ಬಂದ್ಬುಟ್ಯಾ? ಹೋದ ವಾರಾನೇ ಹೇಳಿದ್ನಲ್ಲಮ್ಮ. ಹೊಟ್ಟೆಲ್ಲ ಈಗ ಟ್ರ್ಯಾಕ್ಟರ್‌ಗೆ."

"ಅರ್ಧ ಚೀಲ ಸಾಕು ಮಾಮ."

"ಅರ್ಧನೂ ಇಲ್ಲ, ಕಾಲೂ ಇಲ್ಲ. ಕಸ ಗುಡಿಸಿದ ಹೊಟ್ಟನ್ನೂ ಬಿಡಂಗಿಲ್ಲ ಅಂದವ್ರೆ ಓನರ್ರು. ಬೇಕಾದ್ರೆ ನನ್ ತಲೆ ಮೇಲೆ ಬಿದ್ದಿರೋದನ್ನ ಒದರ್ಕೊಂಡು ಹೋಗು."

ಹಾಗೆಂದು ಅವನು ತಲೆ ಬಗ್ಗಿಸಿ ಕೂದಲು ಕೊಡವಿದ. ನಿಜವಾಗಿಯೂ ಒಂದು ಚಿಟಿಕೆ ಹೊಟ್ಟು ಉದುರಿತು. ಆಳುಗಳು ನಕ್ಕರು. ಹೇಮಶ್ರೀ ನಗಲಿಲ್ಲ.

ದೀಪಾವಳಿವರೆಗೂ ಹೀಗಿರಲಿಲ್ಲ. ಮೇಟಗಳ್ಳಿಯ ಅವರ ಬೀದಿಯವರು ಯಾವಾಗ ಬೇಕಾದರೂ ಬಂದು ಚೀಲ ತುಂಬಿಕೊಂಡು ಹೋಗುತ್ತಿದ್ದರು. ಯಾರೂ ಕೇಳುತ್ತಿರಲಿಲ್ಲ. ಇನ್ನೊಂದು ಚೀಲ ಒಯ್ಯಿರಿ, ಜಾಗ ಖಾಲಿಯಾಗಲಿ ಎಂದು ಚೆಲುವರಾಜುವೇ ಹೇಳುತ್ತಿದ್ದ.

ಆ ಹೊಟ್ಟು ಬೇಕಾಗಿದ್ದದ್ದು ಬಚ್ಚಲ ಒಲೆಗೆ. ತಗಡಿನ ಡಬ್ಬದ ಒಲೆ ಅದು. ಮೇಲೆ ಬಾಯಿ, ಕೆಳಗೆ ಪಕ್ಕದಲ್ಲಿ ಒಂದು ತೂತು. ಅದನ್ನು ತುಂಬುವುದು ಅಜ್ಜಿ ಪುಟ್ಟಬಸಮ್ಮನ ಕೆಲಸ. ಬೇರೆಯವರು ತುಂಬಿದರೆ ಅವಳಿಗೆ ಸರಿಹೋಗುತ್ತಿರಲಿಲ್ಲ. ನಡುವೆ ಒಂದು ಗಾಜಿನ ಬಾಟಲಿ ನಿಲ್ಲಿಸಬೇಕು. ಕೆಳಗಿನ ತೂತಿಗೆ ಒಂದು ದೊಣ್ಣೆ ತೂರಿಸಿ ಬಾಟಲಿಗೆ ತಾಗಿಸಬೇಕು. ಸುತ್ತ ಹೊಟ್ಟು ಸುರಿದು ಮುಷ್ಟಿಯಿಂದ ಗುದ್ದಿ ಗುದ್ದಿ ಗಟ್ಟಿ ಮಾಡಬೇಕು. ಆಮೇಲೆ ದೊಣ್ಣೆ ಎಳೆದು, ಬಾಟಲಿಯನ್ನು ತಿರುಗಿಸುತ್ತ ಮೆಲ್ಲಗೆ ಮೇಲೆತ್ತಬೇಕು. ಹೊಟ್ಟಿನ ನಡುವೆ ಒಂದು ಕೊಳವೆ ಉಳಿಯುತ್ತದೆ. ಕೆಳಗಿಂದ ಕಡ್ಡಿ ಗೀರಿದರೆ ಸಾಕು, ಬೆಂಕಿ ಆ ಕೊಳವೆಯೊಳಗೇ ಕೂತು ಗಂಟೆಗಟ್ಟಲೆ ಉರಿಯುತ್ತದೆ. ಹೊಗೆಯೂ ಅಷ್ಟಿಲ್ಲ.

"ಸಡಿಲ ತುಂಬಿದ್ರೆ ಕುಸಿದು ಬೀಳುತ್ತೆ. ಬಾಟ್ಲಿ ಅವಸರದಲ್ಲಿ ಕಿತ್ರೂ ಬೀಳುತ್ತೆ" ಎನ್ನುತ್ತಿದ್ದಳು ಅಜ್ಜಿ. ಅವಳ ಒಲೆ ಒಂದು ದಿನವೂ ಕುಸಿದಿರಲಿಲ್ಲ.

ಈಗ ಆ ಒಲೆ ಒಂದು ತಿಂಗಳಿಂದ ತಣ್ಣಗೆ ಕೂತಿತ್ತು. ಸೊಸೈಟಿಯಲ್ಲಿ ಕೊಡುವ ಸೀಮೆಎಣ್ಣೆ ಅಡಿಗೆಗೇ ಸಾಲದು. ಆದರೂ ಅಮ್ಮ ಸ್ಟೋವಿನ ಮೇಲೆ ಒಂದು ಪಾತ್ರೆ ನೀರು ಕಾಯಿಸಿ ಎಲ್ಲರಿಗೂ ಹಂಚುತ್ತಿದ್ದಳು. ಅಜ್ಜಿ ಮಾತ್ರ ಬೇಡ ಎಂದಳು. ಸೀಮೆಎಣ್ಣೆ ವಾಸನೆಯ ನೀರು ಪೂಜೆಗೆ ಆಗುವುದಿಲ್ಲವಂತೆ.

ಅದು ನೆಪ ಎಂದು ಹೇಮಶ್ರೀಗೆ ಗೊತ್ತಿತ್ತು. ಸೀಮೆಎಣ್ಣೆಯಲ್ಲಿ ಬೆಂದ ಅನ್ನವನ್ನು ಅಜ್ಜಿ ಬೇಡ ಅನ್ನುತ್ತಿರಲಿಲ್ಲವಲ್ಲ.

ಅಜ್ಜಿ ದಿನಾ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕೊರಳಿನ ಲಿಂಗವನ್ನು ಅಂಗೈ ಮೇಲಿಟ್ಟು ಪೂಜೆ ಮಾಡಿದ ಮೇಲೇ ಬಾಯಿಗೆ ಏನಾದರೂ ಹಾಕುವುದು. ಹೊರಗೆ ಡಿಸೆಂಬರಿನ ಚಳಿ. ಹೇಮಶ್ರೀ ಒಂದು ದಿನ ಬೇಗ ಎದ್ದು ನೋಡಿದಳು. ಅಜ್ಜಿ ತೊಟ್ಟಿಯಿಂದ ತಣ್ಣೀರು ಮೊಗೆದು ಸುರಿದುಕೊಳ್ಳುತ್ತಿದ್ದಳು. ಹಲ್ಲು ಕಟಕಟ ಎನ್ನುತ್ತಿತ್ತು. ಪೂಜೆಗೆ ಕೂತಾಗ ಅಂಗೈ ನಡುಗಿ, ಲಿಂಗ ಬೀಳದಂತೆ ಇನ್ನೊಂದು ಕೈಯನ್ನು ಕೆಳಗೆ ಕೊಟ್ಟಿದ್ದಳು.

"ನಿಮ್ಮಪ್ಪನ ಹತ್ರ ಬಾಯಿ ಬಿಟ್ಟೀಯ, ಹುಷಾರ್" ಎಂದು ಅಜ್ಜಿ ಅವತ್ತು ಹೇಳಿದಳು. ಯಾಕೆ ಎಂದು ಹೇಳಲಿಲ್ಲ.

ಅಪ್ಪ ಮೃತ್ಯುಂಜಯನಿಗೆ ಇದೊಂದೂ ಗೊತ್ತಿರಲಿಲ್ಲ. ರೇಷ್ಮೆ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಅವನು ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಎಲ್ಲರೂ ಏಳುವ ಮೊದಲೇ ಹೋಗಿಬಿಡುತ್ತಿದ್ದ. ಅವನ ಸ್ನಾನ ಸಂಜೆ, ಅಲ್ಲೇ ಕಾರ್ಖಾನೆಯಲ್ಲಿ.

ಇಷ್ಟೊಂದು ಹೊಟ್ಟನ್ನು ಯಾರು ತಿನ್ನುತ್ತಾರೆ? ಹೇಮಶ್ರೀಯ ತಲೆಯಲ್ಲಿ ಇದೇ ಓಡುತ್ತಿತ್ತು. ಸ್ಕೂಲಿನಲ್ಲಿ ಪಕ್ಕದ ಬೆಂಚಿನ ಸಿಂಚನ ಬಹಳ ಯೋಚನೆ ಮಾಡಿ, ಟೀ ಪುಡಿಗೆ ಬೆರೆಸುತ್ತಾರೆ ಎಂದಳು. ಆಮೇಲೆ ಅವಳೇ ತಿದ್ದಿಕೊಂಡು, ಟೀ ಪುಡಿಗಲ್ಲ, ಧನಿಯಾ ಪುಡಿಗೆ ಎಂದಳು. ಎರಡು ದಿನ ಹೇಮಶ್ರೀ ಸಾರನ್ನು ಮೂಸಿ ನೋಡಿ ಉಂಡಳು.

ಶನಿವಾರ ಬೆಳಗಿನ ಸ್ಕೂಲು ಮುಗಿದ ಮೇಲೆ ಅವಳು ಹೀಗೆ ಚೀಲ ಹಿಡಿದು ಬಂದಿದ್ದು, ಚೆಲುವರಾಜು ತಲೆ ಕೊಡವಿದ್ದು. ಅಷ್ಟರಲ್ಲಿ ಟ್ರ್ಯಾಕ್ಟರ್ ಬಂತು. ಚೀಲಗಳನ್ನು ಟ್ರೇಲರಿಗೆ ಎಸೆದರು. ಅದು ಹೊರಟಾಗ ಹೇಮಶ್ರೀಯೂ ಹಿಂದೆ ಹೊರಟಳು.

ಲೋಡು ಹೆಚ್ಚಾಗಿ ಟ್ರ್ಯಾಕ್ಟರ್ ನಿಧಾನ ಹೋಗುತ್ತಿತ್ತು. ಮೊದಮೊದಲು ಜೊತೆಗೇ ಓಡಿದಳು. ಕೆ.ಆರ್.ಎಸ್. ರಸ್ತೆಗೆ ಬಂದ ಮೇಲೆ ಅದು ಮುಂದೆ ಹೋಗಿಬಿಟ್ಟಿತು. ಆದರೆ ಒಂದು ಚೀಲ ಹರಿದಿತ್ತು. ರಸ್ತೆಯುದ್ದಕ್ಕೂ ಹೊಟ್ಟು ರಂಗೋಲಿಯ ಎಳೆಯ ಹಾಗೆ ಬಿದ್ದುಕೊಂಡು ಹೋಗಿತ್ತು. ಅವಳು ಎಳೆ ಹಿಡಿದು ನಡೆದಳು. ಎಳೆ ಎಡಕ್ಕೆ ತಿರುಗಿತು. ಇನ್ನೊಮ್ಮೆ ಎಡಕ್ಕೆ. ಆಮೇಲೆ ಒಂದು ನೀಲಿ ಗೇಟಿನೊಳಗೆ ಹೋಯಿತು.

ಆ ಗೇಟು ಅವಳಿಗೆ ಗೊತ್ತಿತ್ತು. ಅಪ್ಪನಿಗೆ ಊಟ ತಂದುಕೊಟ್ಟು ಎಷ್ಟೋ ಸಲ ಅಲ್ಲಿಂದ ವಾಪಸು ಹೋಗಿದ್ದಳು.

ವಾಚ್‌ಮನ್ ಅವಳ ಕೈಯ ಚೀಲ ನೋಡಿ, ಕಾರ್ಖಾನೆ ಹೊತ್ತುಕೊಂಡು ಹೋಗಲು ಬಂದೆಯಾ ಎಂದು ತಮಾಷೆ ಮಾಡಿ ಒಳಗೆ ಬಿಟ್ಟ.

ಬಾಯ್ಲರ್ ಮನೆಯ ಪಕ್ಕದ ಶೆಡ್ಡಿನಲ್ಲಿ ಹೊಟ್ಟು ಗುಡ್ಡದಂತೆ ಬಿದ್ದಿತ್ತು. ಅಷ್ಟು ಹೊಟ್ಟನ್ನು ಒಟ್ಟಿಗೆ ಅವಳು ಸಾಮಿಲ್ಲಿನಲ್ಲೂ ನೋಡಿರಲಿಲ್ಲ. ಅಪ್ಪ ಸಲಿಕೆಯಲ್ಲಿ ತುಂಬಿ ತುಂಬಿ ಒಂದು ದೊಡ್ಡ ಆಲಿಕೆಗೆ ಸುರಿಯುತ್ತಿದ್ದ. ಮಗಳನ್ನು ನೋಡಿ ಅವನಿಗೆ ಖುಷಿಯೇ ಆಯಿತು. ಯಾಕೆ ಬಂದೆ ಎಂದೂ ಕೇಳಲಿಲ್ಲ.

"ಬಾ ಇಲ್ಲಿ, ಒಂದು ತೋರಿಸ್ತೀನಿ."

ಬಾಯ್ಲರಿನ ಬಾಗಿಲಲ್ಲಿ ಬಟ್ಟಲಗಲದ ಗಾಜು ಇತ್ತು. ಅಪ್ಪ ಅವಳನ್ನು ಎತ್ತಿ ಹಿಡಿದ. ಒಳಗೆ ಫ್ಯಾನಿನ ಗಾಳಿಗೆ ಹೊಟ್ಟು ಹಾರಿ ಬರುತ್ತಿತ್ತು, ಹಾರುತ್ತಲೇ ಹೊತ್ತಿಕೊಳ್ಳುತ್ತಿತ್ತು. ಕೋಟಿ ಮಿಂಚುಹುಳ ಒಟ್ಟಿಗೆ ಸುತ್ತುತ್ತಿರುವಂತೆ ಕಂಡಿತು. ಅವಳು ಕಣ್ಣು ಕೀಳಲಿಲ್ಲ.

ಗಾಳಿ ಜಾಸ್ತಿ ಬಿಟ್ಟರೆ ಏನಾಗುತ್ತೆ ಎಂದು ಕೇಳಿದಳು. ಹೊಟ್ಟು ಉರಿಯುವ ಮೊದಲೇ ಚಿಮಣಿಗೆ ಹಾರಿಹೋಗುತ್ತೆ ಎಂದ ಅಪ್ಪ. ಕಮ್ಮಿ ಬಿಟ್ಟರೆ? ಹೊಗೆ. ನೆನೆದ ಹೊಟ್ಟು ಹಾಕಿದರೆ? ಇನ್ನೂ ಹೊಗೆ, ಸ್ಟೀಮೂ ಇಳಿಯುತ್ತೆ, ಬಣ್ಣದ ತೊಟ್ಟಿಗಳು ತಣ್ಣಗಾಗಿ ನೂಲು ಕೆಡುತ್ತೆ. ಹಳೇ ಆಯಿಲ್ ಟ್ಯಾಂಕು ಏನಾಯಿತು? ಖಾಲಿ, ಹಲ್ಲಿ ಸಂಸಾರ ಹೂಡಿದೆ.

ಹೊಟ್ಟಿಗೆ ಮೊದಲು ಬಾಯ್ಲರಿನಲ್ಲಿ ಉರಿಸುತ್ತಿದ್ದ ಆ ಆಯಿಲ್ಲು ಅವಳಿಗೆ ನೆನಪಿತ್ತು. ಅಪ್ಪನ ಅಂಗಿ ಎಷ್ಟು ಒಗೆದರೂ ಅದೇ ವಾಸನೆ. ರಾತ್ರಿಯೆಲ್ಲ ಕೆಮ್ಮು. ಗಂಟಲಿಂದ ಕರ್ರಗೆ ಕಫ ಬರುತ್ತಿತ್ತು. ಕಾರ್ಖಾನೆ ಹಿಂದಿನ ಮನೆಯವರು ಒಣಗಲು ಹಾಕಿದ ಬಟ್ಟೆಯ ಮೇಲೆ ಮಸಿ ಬಿದ್ದು ಜಗಳಕ್ಕೆ ಬರುತ್ತಿದ್ದರು. ಈಗ ಚಿಮಣಿಯಲ್ಲಿ ಹೊಗೆ ಇದೆಯೋ ಇಲ್ಲವೋ ಎನ್ನುವಷ್ಟು ತೆಳ್ಳಗೆ. ಅಪ್ಪ ಕೆಮ್ಮುವುದು ಯಾವಾಗ ನಿಂತಿತು ಎಂದು ಅವಳು ಯೋಚಿಸಿಯೇ ಇರಲಿಲ್ಲ.

"ಆಯಿಲ್ಲು ಭೂಮಿಯೊಳಗಿಂದ ತೆಗೆಯೋದು. ಹಡಗಲ್ಲಿ ಬರ್ಬೇಕು. ತೆಗೀತಾ ತೆಗೀತಾ ಮುಗಿದೋಗುತ್ತೆ. ಮರ ಹಂಗಲ್ಲ, ಒಂದು ಹೋದ್ರೆ ಇನ್ನೊಂದು ಬೆಳೆಯುತ್ತೆ" ಎಂದ ಅಪ್ಪ. ಆಮೇಲೆ ಧ್ವನಿ ತಗ್ಗಿಸಿದ. "ಸಾಹುಕಾರ್ರಿಗೆ ಹೊಟ್ಟಿನ ಐಡಿಯಾ ಕೊಟ್ಟಿದ್ದು ಯಾರು ಹೇಳು? ನಾನೇ. ನಮ್ಮವ್ವ ಬಚ್ಚಲಲ್ಲಿ ಉರಿಸ್ತಾಳೆ ಸಾರ್, ಹೊಗೇನೇ ಬರಲ್ಲ ಅಂದೆ. ಅವ್ರು ಇಂಜಿನಿಯರ್ ಕರೆಸೇಬುಟ್ರು. ಸುಮ್ನೆ ಚೆಲ್ಲೋ ಹೊಟ್ಟು ನೋಡು."

ಹೇಮಶ್ರೀ ಕೈಯಲ್ಲಿದ್ದ ಚೀಲವನ್ನು ಸುರುಳಿ ಸುತ್ತಿದಳು. ಬಿಚ್ಚಿದಳು. ಮತ್ತೆ ಸುತ್ತಿದಳು.

"ಚೆಲ್ತಾ ಇರ್ಲಿಲ್ಲ ಅಪ್ಪ."

"ಏನು?"

"ಹೊಟ್ಟನ್ನ ಯಾರೂ ಚೆಲ್ತಾ ಇರ್ಲಿಲ್ಲ. ನಾವು ತಗೊಂಡು ಹೋಗ್ತಿದ್ವಿ. ಈಗ ಸಾಮಿಲ್ಲಲ್ಲಿ ಕೊಡಲ್ಲ. ಅಜ್ಜಿ ತಣ್ಣೀರಲ್ಲೇ ಸ್ನಾನ ಮಾಡೋದು."

ಅಪ್ಪ ಸಲಿಕೆಯನ್ನು ಹೊಟ್ಟಿಗೆ ಚುಚ್ಚಿ ನಿಲ್ಲಿಸಿದ. ಏನೋ ಹೇಳಲು ಹೊರಟ. ಅಷ್ಟರಲ್ಲಿ ಗಡಿಯಾರದಂಥ ಮೀಟರಿನ ಮುಳ್ಳು ಇಳಿಯತೊಡಗಿತು. ಅವನು ಮತ್ತೆ ಸಲಿಕೆ ಎತ್ತಿ ಆಲಿಕೆಗೆ ಸುರಿಯಲೇಬೇಕಾಯಿತು. ಮುಳ್ಳು ಮೇಲೆ ಬರುವವರೆಗೂ ಅವಳ ಕಡೆ ತಿರುಗಲಿಲ್ಲ.

ಆಮೇಲೆ ಆಫೀಸಿಗೆ ಹೋಗಿ ಮ್ಯಾನೇಜರನ್ನು ಕೇಳಿಕೊಂಡು ಬಂದ. ಒಂದು ಚೀಲ, ಒಂದೇ ಸಲ ಎಂದಿದ್ದರಂತೆ. ಸಂಜೆ ಅದನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ಮನೆಗೆ ತಂದ.

ಅಜ್ಜಿ ಚೀಲ ನೋಡಿದಳು, ಮೊಮ್ಮಗಳನ್ನು ನೋಡಿದಳು. ಬೈಯುತ್ತಾಳೆ ಎಂದು ಹೇಮಶ್ರೀ ಬಾಗಿಲ ಹಿಂದೆ ಸರಿದಳು. ಅಪ್ಪ ಕೈಕಾಲು ತೊಳೆಯಲು ಹೋದ ಮೇಲೆ ಅಜ್ಜಿ ಕರೆದಳು.

"ಹೇಳ್ಬೇಡ ಅಂದಿದ್ನಲ್ಲ."

"ಹೊಟ್ಟೆಲ್ಲ ಅಪ್ಪನ ಕಾರ್ಖಾನೆಗೇ ಹೋಗುತ್ತೆ ಅಜ್ಜಿ. ನಿಂಗೊತ್ತಿಲ್ಲ."

"ಗೊತ್ತಿಲ್ದೆ ಏನು? ಟ್ರ್ಯಾಕ್ಟರ್ ನಮ್ಮ ಬೀದಿ ತುದೀಲೇ ಹೋಗೋದು. ನಿಮ್ಮಪ್ಪ ಈಗ ರಾತ್ರಿ ಹೊತ್ತು ನಿದ್ದೆ ಮಾಡ್ತಾ ಅವ್ನೆ. ಅದು ನಿಂಗೊತ್ತಾ?"

ಅಜ್ಜಿ ಒಲೆಯ ಪಕ್ಕ ಕೂತು ಬಾಟಲಿ ನಿಲ್ಲಿಸಿದಳು. ದೊಣ್ಣೆ ಹಿಡಿದುಕೋ ಎಂದಳು.

ಮಾರನೆಯ ಬೆಳಿಗ್ಗೆ ಹಂಡೆಯಿಂದ ಆವಿ ಎದ್ದಿತು. ಅಜ್ಜಿ ಬಹಳ ಹೊತ್ತು ಬಚ್ಚಲಿನಿಂದ ಆಚೆಗೇ ಬರಲಿಲ್ಲ.

ಆದರೆ ಸೈಕಲ್ ಮೇಲೆ ಬಂದ ಚೀಲವನ್ನು ಬೀದಿಯೆಲ್ಲ ನೋಡಿತ್ತು. ಮೊದಲು ಎದುರು ಮನೆ ಸುಮಿತ್ರಮ್ಮ ಬಂದರು. ಮಗಳು ಬಾಣಂತಿ, ಬಿಸಿನೀರು ಬೇಕು ಎಂದರು. ಅಜ್ಜಿ ಒಂದು ಡಬ್ಬ ತುಂಬಿಕೊಟ್ಟಳು. ಅವರ ಹಿಂದೆ ಇನ್ನೊಬ್ಬರು ಬಂದರು. ಅಮ್ಮ ಕಣ್ಸನ್ನೆ ಮಾಡಿದಳು, ಅಜ್ಜಿ ನೋಡದವಳಂತೆ ತುಂಬಿಕೊಟ್ಟಳು. ನಿಮಗೇನ್ರೀ, ಕಾರ್ಖಾನೆಯೇ ನಿಮ್ಮ ಮಗನ ಕೈಯಲ್ಲಿದೆ ಎಂದು ಒಬ್ಬರು ಚುಚ್ಚಿದರು. ಅಜ್ಜಿ ಅವರಿಗೂ ಕೊಟ್ಟಳು. ಸಂಜೆ ಹೊತ್ತಿಗೆ ಚೀಲ ಮತ್ತೆ ಖಾಲಿ.

ಅಪ್ಪ ಇನ್ನೊಮ್ಮೆ ಕೇಳಿ ನೋಡಿದ. ಒಬ್ಬರಿಗೆ ಕೊಟ್ಟರೆ ಎಲ್ಲ ಕೆಲಸಗಾರರೂ ಕೇಳುತ್ತಾರೆ, ಈಗಲೇ ಹೊಟ್ಟು ಸಾಲದೆ ಹುಣಸೂರಿನಿಂದ ತರಿಸುತ್ತಿದ್ದೇವೆ ಎಂದರಂತೆ ಮ್ಯಾನೇಜರು. ಸಂಬಳದ ದಿನ ಅಪ್ಪ ಒಂದು ಕಾಯಿಲ್ ತಂದ. ಬಕೆಟ್ಟಿನಲ್ಲಿ ಇಳಿಬಿಟ್ಟು ಸ್ವಿಚ್ ಹಾಕಿದರೆ ನೀರು ಕಾಯುತ್ತದೆ. ಶಾಕ್ ಹೊಡೆಯುತ್ತೆಂದು ಅಜ್ಜಿ ಎರಡು ದಿನ ಬಕೆಟ್ಟಿನ ಹತ್ತಿರವೇ ಸುಳಿಯಲಿಲ್ಲ. ಮೂರನೆಯ ದಿನ ಸ್ನಾನ ಮಾಡಿದಳು. ಈ ನೀರಿಗೆ ವಾಸನೆ ಏನಾದರೂ ಇದೆಯಾ ಎಂದು ಅಪ್ಪ ಕೇಳಿದ. ಇಲ್ಲ, ಪರವಾಗಿಲ್ಲ ಎಂದಳು ಅಜ್ಜಿ.

ಹೇಮಶ್ರೀ ಕಾಯಿಲ್ ಕಡೆಗೇ ನೋಡುತ್ತ ಕೂತಿದ್ದಳು. ಅದರ ಸುತ್ತ ಸಣ್ಣ ಸಣ್ಣ ಗುಳ್ಳೆ ಏಳುತ್ತಿತ್ತು. ಬೆಂಕಿ ಎಲ್ಲೂ ಕಾಣುತ್ತಿರಲಿಲ್ಲ.

"ಅಪ್ಪ, ಕರೆಂಟು ಎಲ್ಲಿಂದ ಬರುತ್ತೆ?"

"ಒಂದಷ್ಟು ನೀರಿಂದ. ಒಂದಷ್ಟು ರಾಯಚೂರಿಂದ. ಅಲ್ಲಿ ಕಲ್ಲಿದ್ದಲು ಸುಟ್ಟು ಮಾಡ್ತಾರೆ."

"ಕಲ್ಲಿದ್ದಲು?"

"ಭೂಮಿಯೊಳಗಿಂದ ತೆಗೀತಾರೆ."

ಹೇಮಶ್ರೀ ಅವನ ಮುಖ ನೋಡಿದಳು. ಅವನೂ ಬಕೆಟ್ಟನ್ನೇ ನೋಡುತ್ತಿದ್ದ. ಇಬ್ಬರೂ ಆ ಆಯಿಲ್ಲಿನ ಮಾತನ್ನೇ ಯೋಚಿಸುತ್ತಿದ್ದಾರೆ ಎಂದು ಅವಳಿಗೆ ಗೊತ್ತಾಯಿತು.

ಸಂಕ್ರಾಂತಿ ಕಳೆದ ಭಾನುವಾರ ಗುಜರಿಯವನು ತಳ್ಳುಗಾಡಿ ತಂದ. ಸುಮಿತ್ರಮ್ಮ ತಮ್ಮ ಬಚ್ಚಲ ಒಲೆ ತಂದು ಹಾಕಿದರು. ಅವರನ್ನು ನೋಡಿ ಉಳಿದವರೂ ತಂದರು. ಜಾಗಕ್ಕೆ ದಂಡ ಎಂದರು ಕೆಲವರು. ತುಕ್ಕು ಹಿಡಿಯುವ ಮೊದಲೇ ಹೋಗಲಿ ಎಂದರು ಇನ್ನು ಕೆಲವರು. ಅಜ್ಜಿ ತನ್ನ ಒಲೆಯೊಳಗಿನ ಬೂದಿ ತೆಗೆದು, ಒದ್ದೆ ಬಟ್ಟೆಯಲ್ಲಿ ಒಳಗೂ ಹೊರಗೂ ಒರೆಸಿದಳು. ಒಂದು ಕಡೆ ಅವಳು, ಇನ್ನೊಂದು ಕಡೆ ಹೇಮಶ್ರೀ ಹಿಡಿದು ಗಾಡಿಗೆ ಎತ್ತಿ ಇಟ್ಟರು.

ಗಾಡಿ ಬೀದಿಯ ತುದಿಯಲ್ಲಿ ನಿಂತಿತು. ಟ್ರ್ಯಾಕ್ಟರ್ ದಾಟಿ ಹೋಗುವವರೆಗೆ ಕಾದು, ಆಮೇಲೆ ರಸ್ತೆಗೆ ಇಳಿಯಿತು. ಅಷ್ಟರಲ್ಲಿ ಹೇಮಶ್ರೀ ಎಣಿಸಿದಳು. ಬೀದಿಯಲ್ಲಿ ಹೊಟ್ಟಿನ ಒಲೆ ಇದ್ದದ್ದು ಒಂಬತ್ತು ಮನೆಗಳಲ್ಲಿ. ಗಾಡಿಯಲ್ಲಿ ಒಂಬತ್ತು ಒಲೆಗಳಿದ್ದವು.